ಉಪಗ್ರಹದ ಸರದಿ ಪಟ್ಟಿಯಲ್ಲಿ ನಮ್ಮ ಗುಡ್ಡಕ್ಕೆ ಎಷ್ಟು ಅಂಕ?

ಗೆ,
ಭೂವೀಕ್ಷಣಾ ಉಪಗ್ರಹಗಳಿಗೆ ದಿನದ ಕೆಲಸ ಹಂಚುವ ಅಧಿಕಾರಿಗಳಿಗೆ, ಮತ್ತು ಆ ಹಂಚಿಕೆಯನ್ನು ಎಐ ಕೈಗೆ ಕೊಡಲು ತಂತ್ರಾಂಶ ಬರೆಯುತ್ತಿರುವ ಎಂಜಿನಿಯರುಗಳಿಗೆ

ಮಾನ್ಯರೇ,

ನಾನು ಮಡಿಕೇರಿ ತಾಲ್ಲೂಕಿನವನು. ಈಗ ಕಾಫಿ, ಕರಿಮೆಣಸು ನೋಡಿಕೊಂಡು ತೋಟದಲ್ಲಿದ್ದೇನೆ. ಅದಕ್ಕೆ ಮುಂಚೆ ಉಪಗ್ರಹ ನಿಯಂತ್ರಣ ಕೊಠಡಿಯಲ್ಲಿ ಶಿಫ್ಟ್ ಡ್ಯೂಟಿ ಮಾಡಿ ನಿವೃತ್ತನಾದವನು. ಹಾಗಾಗಿ ನಿಮ್ಮ ಕೆಲಸ ಏನು, ಅದರ ಕಷ್ಟ ಏನು ಅಂತ ಸ್ವಲ್ಪ ಗೊತ್ತು. ಈ ಪತ್ರವನ್ನು ಬಹಿರಂಗವಾಗಿ ಬರೆಯಲು ಕಾರಣ ಇಷ್ಟೇ. ಯಾವ ಉಪಗ್ರಹ ಯಾವಾಗ ಎಲ್ಲಿ ನೋಡಬೇಕು, ಕೆಟ್ಟರೆ ಏನು ಮಾಡಬೇಕು ಅನ್ನುವುದನ್ನು ಯಂತ್ರವೇ ತೀರ್ಮಾನಿಸುವ ಕಾಲ ಬಂದಿದೆ. ನಾನು ಅದರ ಪರ. ಆದರೆ ಯಂತ್ರಕ್ಕೆ ಕೊಡುವ ಮುಂಚೆ ನಮ್ಮಂಥವರ ಜೊತೆ ಕೂತು ಒಂದು ವಿಷಯ ಇತ್ಯರ್ಥ ಮಾಡಿಕೊಳ್ಳಬೇಕು.

ಉಪಗ್ರಹ ಅಂದ್ರೆ ಮೇಲೆ ನಿಂತು ಇಡೀ ದೇಶವನ್ನು ಹಗಲೂ ರಾತ್ರಿ ನೋಡುತ್ತಾ ಇರುತ್ತದೆ ಅಂತ ನಮ್ಮೂರಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಐನೂರು ಚಿಲ್ಲರೆ ಕಿಲೋಮೀಟರ್ ಎತ್ತರದಲ್ಲಿ ಹಾರುವ ಉಪಗ್ರಹ ಸುಮಾರು ಒಂದೂವರೆ ಗಂಟೆಗೆ ಭೂಮಿಗೆ ಒಂದು ಸುತ್ತು ಹಾಕುತ್ತದೆ. ಒಂದು ನೆಲಕೇಂದ್ರದ ಆಂಟೆನಾಗೆ ಅದು ಸಿಗುವುದು ಹತ್ತು ನಿಮಿಷದ ಆಸುಪಾಸು. ನಾವು ಅದಕ್ಕೆ 'ಪಾಸ್' ಅನ್ನುತ್ತಿದ್ದೆವು. ಅಷ್ಟರಲ್ಲೇ ಕಮಾಂಡ್ ಮೇಲೆ ಹೋಗಬೇಕು, ಚಿತ್ರ ಕೆಳಗೆ ಬರಬೇಕು, ಬ್ಯಾಟರಿಯಿಂದ ಹಿಡಿದು ಎಲ್ಲದರ ಆರೋಗ್ಯ ನೋಡಿಕೊಳ್ಳಬೇಕು. ರೇಡಾರ್ (ರೇಡಿಯೊ ಅಲೆ ಕಳಿಸಿ, ವಾಪಸ್ ಬಂದದ್ದರಿಂದ ಚಿತ್ರ ತೆಗೆಯುವ ಸಾಧನ) ಇರುವ ಉಪಗ್ರಹವಾದರೆ ಇನ್ನೂ ಕಷ್ಟ. ರೇಡಾರ್ ಕರೆಂಟ್ ಜಾಸ್ತಿ ತಿನ್ನುತ್ತದೆ, ಬಿಸಿಯಾಗುತ್ತದೆ, ಒಂದು ಸುತ್ತಿನಲ್ಲಿ ಕೆಲವೇ ನಿಮಿಷ ಓಡಿಸಬಹುದು.

ಬೇಡಿಕೆಗೆ ಮಾತ್ರ ಕೊನೆಯಿಲ್ಲ. ಒಬ್ಬರಿಗೆ ಬೆಳೆ ಸಮೀಕ್ಷೆ, ಇನ್ನೊಬ್ಬರಿಗೆ ಸಮುದ್ರದ ಹಡಗು, ಮತ್ತೊಬ್ಬರಿಗೆ ಪ್ರವಾಹ, ಇವೆಲ್ಲದರ ಮೇಲೆ ಗಡಿ. ಎರಡು ಬೇಡಿಕೆ ಒಂದೇ ಪಾಸಿಗೆ ಬಿದ್ದರೆ ಉಪಗ್ರಹ ಈ ಕಡೆ ವಾಲಬೇಕು, ಇಲ್ಲ ಆ ಕಡೆ. ಯಾರಿಗಾದರೂ ಒಬ್ಬರಿಗೆ ಇಲ್ಲ ಅನ್ನಲೇಬೇಕು. ಹಿಂದೆ ಈ ಕೆಲಸ ಮನುಷ್ಯರೇ ಮಾಡುತ್ತಿದ್ದರು. ಸಂಜೆ ಪಟ್ಟಿ ಸಿದ್ಧವಾಗುತ್ತಿತ್ತು, ರಾತ್ರಿ ಫೋನ್ ಬರುತ್ತಿತ್ತು, ಅದನ್ನು ತೆಗೆದು ಇದನ್ನು ಹಾಕಿ ಅಂತ. ಒಂದು ತೆಗೆದರೆ ಹಿಂದಿನ ಮುಂದಿನ ಲೆಕ್ಕವೆಲ್ಲ ತಲೆಕೆಳಗು. ಬೆಳಗಿನ ಜಾವ ಮೂರು ಗಂಟೆಗೆ ಕಣ್ಣುಜ್ಜಿಕೊಂಡು ಆ ಲೆಕ್ಕ ಮತ್ತೆ ಹಾಕಿದವರಿಗೇ ಗೊತ್ತು ಅದರ ಸುಖ!

ಇಂಥ ಲೆಕ್ಕ ಯಂತ್ರಕ್ಕೆ ಸಲೀಸು. ಇದು ಹೊಸ ಕನಸೂ ಅಲ್ಲ. ಅಮೆರಿಕದ ನಾಸಾ 2000ದಲ್ಲಿ ಹಾರಿಸಿದ ಇಒ-1 ಉಪಗ್ರಹದಲ್ಲಿ ಮುಂದೆ ಒಂದು ತಂತ್ರಾಂಶ ಹಾಕಿದರು. ಅದು ತಾನು ತೆಗೆದ ಚಿತ್ರವನ್ನು ಅಲ್ಲೇ ನೋಡಿ, ಮುಂದೇನು ತೆಗೆಯಬೇಕು ಅಂತ ತಾನೇ ಯೋಜನೆ ಬದಲಿಸುತ್ತಿತ್ತು. 2004ರಲ್ಲಿ ಅಂಟಾರ್ಕ್ಟಿಕಾದ ಎರೆಬಸ್ ಜ್ವಾಲಾಮುಖಿಯ ಬಿಸಿ ಗುರುತಿಸಿ, ಯಾರೂ ಹೇಳದೆ ಮತ್ತೆ ಅಲ್ಲಿಗೇ ಕಣ್ಣು ಹಾಯಿಸಿತು. 2020ರಲ್ಲಿ ಯುರೋಪಿನವರು ಹಾರಿಸಿದ ಫೈ-ಸ್ಯಾಟ್-1 ಮೋಡ ತುಂಬಿದ ಚಿತ್ರಗಳನ್ನು ಮೇಲೇ ಸೋಸಿ ಬಿಸಾಡುವ ಪ್ರಯೋಗ ಮಾಡಿತು. 2025ರ ಜುಲೈನಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬ್ರೀಫ್‌ಕೇಸಿನಷ್ಟು ದೊಡ್ಡ ಕಾಗ್ನಿಸ್ಯಾಟ್-6 ಉಪಗ್ರಹ ಮುಂದಕ್ಕೆ ಬಾಗಿ ನೋಡಿ, ಎಲ್ಲಿ ಮೋಡ ಇಲ್ಲ ಅಂತ ಲೆಕ್ಕ ಹಾಕಿ, ಅಲ್ಲಿಗೆ ಬಂದಾಗ ಮಾತ್ರ ಚಿತ್ರ ತೆಗೆಯುವುದು ಪರೀಕ್ಷೆ. ಇಷ್ಟೆಲ್ಲ ಒಂದೂವರೆ ನಿಮಿಷದೊಳಗೆ, ಕೆಳಗಿನವರನ್ನು ಕೇಳದೆ.

ಓದಿ ಖುಷಿಯಾಯಿತು. ಆಮೇಲೆ ಯೋಚನೆ ಬಂತು. ಮೋಡ ಇಲ್ಲದ ಕಡೆ ಮಾತ್ರ ನೋಡು ಅಂತ ಕಲಿಸಿದ ಯಂತ್ರ ಜುಲೈ ತಿಂಗಳಲ್ಲಿ ಭಾಗಮಂಡಲದ ಮೇಲೆ ಹಾದುಹೋದರೆ ಏನು ಮಾಡುತ್ತದೆ? ಮುಖ ತಿರುಗಿಸಿಕೊಂಡು ಹೋಗುತ್ತದೆ, ಅಲ್ವಾ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಪಶ್ಚಿಮದ ಗುಡ್ಡಗಳು ಮಾಮೂಲಿ ಕ್ಯಾಮೆರಾ ಉಪಗ್ರಹಕ್ಕೆ ಕಾಣುವುದೇ ಅಪರೂಪ. ಕಕ್ಕಡದಲ್ಲಂತೂ (ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು) ಎದುರಿನ ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು, ನಮಗೇ ಕಾಣುವುದಿಲ್ಲ. ಮೋಡ ತೂರಿ ನೋಡಬಲ್ಲದ್ದು ರೇಡಾರ್ ಮಾತ್ರ. ಅಂಥ ಉಪಗ್ರಹ ನಮ್ಮ ದೇಶದ ಬಳಿ ಕೈಬೆರಳಲ್ಲಿ ಎಣಿಸುವಷ್ಟು. 2022ರ ಫೆಬ್ರವರಿಯಲ್ಲಿ ಹೋದ ಇಒಎಸ್-04 ಇದೆ. 2025ರ ಮೇ 18ರಂದು ಹಾರಿದ ಇಒಎಸ್-09 ರಾಕೆಟ್‌ನ ಮೂರನೇ ಹಂತದ ತೊಂದರೆಯಿಂದ ಕಕ್ಷೆಗೇ ಸೇರಲಿಲ್ಲ. ಅದೇ ವರ್ಷ ಜುಲೈ 30ರಂದು ಅಮೆರಿಕದ ಜೊತೆ ಸೇರಿ ಕಳಿಸಿದ ನೈಸಾರ್ ಬಂತು. ಒಂದೇ ಪಥಕ್ಕೆ ಅದು 12 ದಿನಕ್ಕೊಮ್ಮೆ ವಾಪಸ್ ಬರುತ್ತದೆ. ನಮ್ಮಲ್ಲಿ 12 ದಿನದಲ್ಲಿ ಆಗಬಾರದ್ದೆಲ್ಲ ಆಗಿ ಮುಗಿದಿರುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಮೊಣ್ಣಂಗೇರಿ, ಜೋಡುಪಾಲ ಎಲ್ಲ ಕುಸಿದದ್ದು ಕೆಲವೇ ದಿನಗಳ ಅಂತರದಲ್ಲಿ. ಮರುವರ್ಷ ಆಗಸ್ಟ್‌ನಲ್ಲಿ ತೋರ ಗ್ರಾಮ. ಅದರ ಮರುವರ್ಷ ಮತ್ತೆ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ.

ಚಿತ್ರ ಸಿಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2024ರ ಜುಲೈ 30ರ ಬೆಳಗಿನ ಜಾವ ಪಕ್ಕದ ವಯನಾಡಿನ ಚೂರಲ್‌ಮಲ, ಮುಂಡಕ್ಕೈ ಕೊಚ್ಚಿಹೋದಾಗ, ಮರುದಿನವೇ ನಮ್ಮ ದೇಶದ ರಿಸ್ಯಾಟ್ ಉಪಗ್ರಹ ರೇಡಾರ್ ಚಿತ್ರ ತೆಗೆಯಿತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು ಅದನ್ನು ನೋಡಿ ಸುಮಾರು 86,000 ಚದರ ಮೀಟರ್ ನೆಲ ಜಾರಿದೆ, ಮಣ್ಣು ಕಲ್ಲು ಸುಮಾರು 8 ಕಿಲೋಮೀಟರ್ ಹರಿದಿದೆ ಅಂತ ಹೇಳಿದರು. ದೊಡ್ಡ ಕೆಲಸ. ಅಂದರೆ ಮನಸ್ಸು ಮಾಡಿದರೆ ಉಪಗ್ರಹವನ್ನು ಒಂದೇ ದಿನದಲ್ಲಿ ತಿರುಗಿಸಬಹುದು. ನೂರಾರು ಜನ ಸತ್ತ ಮೇಲೆ ತಿರುಗಿಸುವುದಕ್ಕೆ ಯಾರ ಅಡ್ಡಿಯೂ ಇರುವುದಿಲ್ಲ. ಗುಡ್ಡ ಇನ್ನೂ ನಿಂತಿರುವಾಗ, ಮಳೆ ಮಾತ್ರ ಸುರಿಯುತ್ತಿರುವಾಗ, ಯಾರ ಬೇಡಿಕೆ ಪಟ್ಟಿಯ ಮೇಲಕ್ಕೆ ಬರುತ್ತದೆ? ನನ್ನ ಪ್ರಶ್ನೆ ಅದು.

ನಮ್ಮದೇ ಅನುಭವ ಹೇಳುತ್ತೇನೆ. ಈಚಿನ ಒಂದು ಮಳೆಗಾಲದಲ್ಲಿ ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳ ಮೇಲಿನ ಬರೆಯಲ್ಲಿ ಬಿರುಕು ಕಂಡಿತು. ಮೊದಲು ಒಂದು ಹಲಸಿನ ಮರ ವಾಲಿತು. ಎರಡು ದಿನ ಬಿಟ್ಟು ಕೆಳಗಿನ ಒರತೆಯ ನೀರು ಕೆಂಪಗೆ ಬರತೊಡಗಿತು. ಬಿರುಕಿನೊಳಗೆ ಕೈ ಹಾಕಿದರೆ ಮೊಣಕೈವರೆಗೆ ಇಳಿಯುತ್ತಿತ್ತು. ಹಳೆ ಕಸುಬಿನ ಧೈರ್ಯದಲ್ಲಿ ಒಂದು ಕಚೇರಿಗೆ ಬರೆದೆ. ಇಷ್ಟು ಅಕ್ಷಾಂಶ, ಇಷ್ಟು ರೇಖಾಂಶ, ರೇಡಾರ್ ಚಿತ್ರ ಸಿಗಬಹುದಾ, ಹಳೆಯದರ ಜೊತೆ ಹೋಲಿಸಿ ಬರೆ ಎಷ್ಟು ಜರುಗಿದೆ ಅಂತ ಹೇಳಬಹುದಾ ಅಂತ. ಉತ್ತರ ಇಲ್ಲ. ಫೋನ್ ಮಾಡಿದೆ. ಬಹಳ ಮರ್ಯಾದೆಯಿಂದ ಮಾತಾಡಿದರು, ಮೇಲಕ್ಕೆ ಕಳಿಸಿದ್ದೇವೆ ಅಂದರು. ಅಷ್ಟರಲ್ಲಿ ಕರೆಂಟ್ ಹೋಯಿತು, ಹಿಂದೆಯೇ ಟವರ್ ಬ್ಯಾಟರಿಯೂ ಮುಗಿಯಿತು. ನಾವೇ ಮನೆಗಳನ್ನು ಖಾಲಿ ಮಾಡಿಸಿ ಎಲ್ಲರನ್ನೂ ಶಾಲೆಗೆ ಸಾಗಿಸಿದೆವು. ಬರೆ ಒಂದು ರಾತ್ರಿ ಕುಸಿಯಿತು. ಮೆಣಸಿನ ಬಳ್ಳಿ, ತೋಟದ ರಸ್ತೆ ಹೋಯಿತು, ಜನಕ್ಕೆ ಏನೂ ಆಗಲಿಲ್ಲ. ಮಳೆ ಬಿಟ್ಟ ಮೇಲೆ ಒಂದು ಚಿತ್ರ ಬಂತು. ತೆಗೆದ ತಾರೀಕು ನೋಡಿದರೆ ಜನವರಿ. ಆಕಾಶ ಮಾತ್ರ ಶುಭ್ರವಾಗಿತ್ತು!

ಚಿತ್ರ ಸಿಗಲಿಲ್ಲ ಅನ್ನುವುದು ನನ್ನ ದೂರಲ್ಲ. ಆ ಹೊತ್ತಿಗೆ ನಮಗಿಂತ ಕಷ್ಟದಲ್ಲಿದ್ದವರ ಕಡೆ ಉಪಗ್ರಹ ತಿರುಗಿತ್ತು ಅಂದರೆ ಒಪ್ಪುತ್ತೇನೆ, ನಾನೂ ಆ ಕುರ್ಚಿಯಲ್ಲಿ ಕೂತವನು. ಆದರೆ ನಮ್ಮ ಬೇಡಿಕೆ ಪಟ್ಟಿಗೆ ಸೇರಿತಾ, ಸೇರಿದ್ದರೆ ಯಾಕೆ ಬಿತ್ತು, ಇನ್ನೆಷ್ಟು ದಿನ ಕಾಯಬೇಕು, ಯಾವುದೂ ಗೊತ್ತಾಗಲಿಲ್ಲ. ಇಲ್ಲ ಅಂತಾದರೂ ಹೇಳಿದ್ದರೆ ಸುಮ್ನೆ ಕಾಯದೆ ಒಂದು ದಿನ ಮೊದಲೇ ಜನರನ್ನು ಸಾಗಿಸುತ್ತಿದ್ದೆವು.

ಇದು ಮನುಷ್ಯರೇ ಪಟ್ಟಿ ಹಾಕುವ ಕಾಲದ ಕಥೆ. ಯಂತ್ರ ಬಂದರೆ ಸರಿಹೋಗುತ್ತದಾ? ಸರದಿ ಹಾಕುವ ತಂತ್ರಾಂಶ ಒಳಗೆ ಮಾಡುವುದು ಇಷ್ಟು. ಪ್ರತಿ ಬೇಡಿಕೆಗೂ ಒಂದು ಅಂಕ ಇರುತ್ತದೆ. ಬ್ಯಾಟರಿ, ಬಿಸಿ, ಮೆಮೊರಿ, ಪಾಸ್ ಇವುಗಳ ಮಿತಿಯೊಳಗೆ ಒಟ್ಟು ಅಂಕ ಅತಿ ಹೆಚ್ಚು ಬರುವ ಪಟ್ಟಿಯನ್ನು ಅದು ಹುಡುಕುತ್ತದೆ. ಸಾವಿರಾರು ಜೋಡಣೆಗಳನ್ನು ನಿಮಿಷಗಳಲ್ಲಿ ಹಾಕಿ ತೆಗೆದು ನೋಡುತ್ತದೆ. ಅದಕ್ಕೆ ಯಾರ ಮೇಲೂ ದ್ವೇಷವಿಲ್ಲ, ಯಾರ ಶಿಫಾರಸ್ಸೂ ಕೇಳುವುದಿಲ್ಲ. ಆದರೆ ಆ ಅಂಕ ಎಲ್ಲಿಂದ ಬಂತು? ಅದನ್ನು ಯಾವುದೋ ಕೋಣೆಯಲ್ಲಿ ಕೂತ ಒಬ್ಬ ಮನುಷ್ಯ ಬರೆದಿರುತ್ತಾನೆ.

ಜನಸಂಖ್ಯೆ ನೋಡಿ ಅಂಕ ಕೊಟ್ಟರೆ ನಾವು ಸೋತೆವು. 2011ರ ಜನಗಣತಿಯಲ್ಲಿ ಕೊಡಗಿನ ಜನ 5,54,519, ಕರ್ನಾಟಕದ ಜಿಲ್ಲೆಗಳಲ್ಲೇ ಕಡಿಮೆ. ಚದರ ಕಿಲೋಮೀಟರಿಗೆ 135 ಜನ. ಆಸ್ತಿ ಬೆಲೆ ನೋಡಿದರೆ ಲೈನ್ ಮನೆಗೆ ಏನು ಬೆಲೆ? ಇನ್ನು ಹಳೆ ದಾಖಲೆ ತೋರಿಸಿ ನೀನೇ ಕಲಿತುಕೋ ಅಂತ ಯಂತ್ರಕ್ಕೆ ಬಿಟ್ಟರೆ ನಮ್ಮ ಗತಿ ಮುಗಿದಂತೆ. ಹಿಂದೆ ಯಾರು ಜಾಸ್ತಿ ಕೇಳಿದರು, ಯಾರಿಗೆ ಜಾಸ್ತಿ ಕೊಟ್ಟರು ಅನ್ನುವುದನ್ನೇ ಅದು ನ್ಯಾಯ ಅಂತ ಕಲಿಯುತ್ತದೆ. ಗ್ರಾಮ ಪಂಚಾಯಿತಿ ಸದಸ್ಯರಿಗೆ ಉಪಗ್ರಹ ಚಿತ್ರ ಕೇಳಬಹುದು ಅಂತಲೇ ಗೊತ್ತಿಲ್ಲದ ಊರು ನಮ್ಮದು, ದಾಖಲೆಯಲ್ಲಿ ಎಲ್ಲಿಂದ ಇರಬೇಕು? ಕಾವೇರಿ ಹುಟ್ಟುವುದು ಈ ಗುಡ್ಡಗಳಲ್ಲಿ. ಬೆಂಗಳೂರಿನಲ್ಲಿ ನಲ್ಲಿ ತಿರುಗಿಸುವವರಿಗೂ ಇದರಲ್ಲಿ ಪಾಲಿದೆ ಅನ್ನುವುದನ್ನು ಯಾವ ಅಂಕ ಹಿಡಿಯುತ್ತದೆ?

ಹಾಗಾಗಿ ನನ್ನ ಮೊದಲ ಬೇಡಿಕೆ, ಈ ಅಂಕಗಳನ್ನು ಪ್ರಕಟಿಸಿ. ಗಡಿ, ಸೇನೆ ವಿಷಯ ಬೇಡ, ಅದು ಗುಟ್ಟಾಗೇ ಇರಲಿ. ನಾಗರಿಕ ಕೆಲಸಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ, ಜೀವಕ್ಕೆ ಅಪಾಯ ಅಂದರೆ ಎಷ್ಟು, ಅಪಾಯ ಆದ ಮೇಲೆ ಎಷ್ಟು, ಆಗುವ ಮುಂಚೆ ಎಷ್ಟು? ಒಂದು ಪುಟದ ವಿಷಯ. ಭದ್ರತೆಯ ಕಾರಣ ಹೇಳಿ ಇದನ್ನು ಮುಚ್ಚಿಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ಎರಡನೆಯದು ಮಳೆಗೇ ಬೇಡಿಕೆ ಸಲ್ಲಿಸುವ ಅಧಿಕಾರ ಕೊಡಿ. ಅಂದರೆ ಪಶ್ಚಿಮಘಟ್ಟದ ಹೋಬಳಿಗಳಲ್ಲಿ ಮಳೆ ಒಂದು ಮಟ್ಟ ದಾಟಿದರೆ ಯಾರೂ ಅರ್ಜಿ ಬರೆಯದೆ, ಯಾರೂ ಫೋನ್ ಮಾಡದೆ, ಆ ಗುಡ್ಡಗಳ ಅಂಕ ತಾನಾಗಿ ಏರಬೇಕು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಈಗಾಗಲೇ ತಾವೇ ಅಂಕಿ ಕಳಿಸುತ್ತವೆ. ಅದರ ಜೊತೆಗೆ ನಮ್ಮ ಇನ್ನೊಂದು ಆಸ್ತಿ ಇದೆ. ಕೊಡಗಿನಲ್ಲಿ ಎಷ್ಟೋ ತೋಟಗಳಲ್ಲಿ ಒಂದು ಮಳೆಮಾಪಕ, ಒಂದು ಪುಸ್ತಕ ಇರುತ್ತದೆ. ಬೆಳಿಗ್ಗೆ ಎದ್ದು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುವುದು ನಮ್ಮಲ್ಲಿ ಕಾಫಿ ಕುಡಿದಷ್ಟೇ ಸಹಜ. ಅಜ್ಜನ ಕಾಲದಿಂದ ಬರೆದ ಪುಸ್ತಕ ಇರುವ ಮನೆಗಳಿವೆ. ಯಾವ ಬರೆ ಎಷ್ಟು ಇಂಚಿಗೆ ಜರಿಯಿತು ಅಂತ ಅದರ ಅಂಚಿನಲ್ಲಿ ಬರೆದಿಟ್ಟವರೂ ಇದ್ದಾರೆ. ಎಐಗೆ ಕಲಿಸಲು ಇದಕ್ಕಿಂತ ಒಳ್ಳೆ ಪಾಠ ಎಲ್ಲಿ ಸಿಗುತ್ತದೆ? ಕೇಳಿದರೆ ಕೊಡುತ್ತೇವೆ.

ಚಿತ್ರ ತೆಗೆಯುವ ರೀತಿಯ ಬಗ್ಗೆಯೂ ಒಂದು ಮಾತು. ರೇಡಾರ್ ನೇರ ಕೆಳಗೆ ನೋಡುವುದಿಲ್ಲ, ಓರೆಯಾಗಿ ನೋಡುತ್ತದೆ. ಕಡಿದಾದ ಗುಡ್ಡದ ಒಂದು ಮೈ ಚಿತ್ರದಲ್ಲಿ ಕುಗ್ಗಿ ಒಂದರ ಮೇಲೊಂದು ಬೀಳುತ್ತದೆ, ಇನ್ನೊಂದು ಮೈ ನೆರಳಲ್ಲಿ ಅಡಗುತ್ತದೆ. ಬಯಲು ಸೀಮೆಗೆ ಒಂದು ಚಿತ್ರ ಸಾಕು. ನಮಗೆ ಉಪಗ್ರಹ ಉತ್ತರಕ್ಕೆ ಹೋಗುವಾಗ ಒಂದು, ದಕ್ಷಿಣಕ್ಕೆ ಬರುವಾಗ ಒಂದು, ಎರಡೂ ಬೇಕು. ಮೇಲಾಗಿ ನಮ್ಮ ನೆಲ ಬರಿದಾಗಿಲ್ಲ. ಮೇಲೆ ಸಿಲ್ವರ್ ಓಕ್, ಕಾಡು ಮರ, ಕೆಳಗೆ ಕಾಫಿ. ಸಣ್ಣ ಅಲೆಯ ರೇಡಾರ್ ಎಲೆಗೇ ತಗುಲಿ ವಾಪಸ್ ಬರುತ್ತದೆ. ನೈಸಾರ್‌ನಲ್ಲಿರುವ ಉದ್ದ ಅಲೆಯ ಎಲ್-ಬ್ಯಾಂಡ್ ಮರದ ಸಂದಿನಿಂದ ಇನ್ನಷ್ಟು ಒಳಗೆ ಇಳಿಯುತ್ತದೆ. ಇದನ್ನು ನಿಮಗೆ ಹೇಳಿಕೊಡುವಷ್ಟು ನಾನು ದೊಡ್ಡವನಲ್ಲ. ಆದರೆ ಯಂತ್ರಕ್ಕೆ ಕೊಡುವ ಸೂತ್ರದಲ್ಲಿ ಗುಡ್ಡಕ್ಕೂ ಬಯಲಿಗೂ ಒಂದೇ ಅಳತೆ ಇದ್ದರೆ, ಕೊಡಗನ್ನು ನೋಡಿ ಆಯ್ತು ಅಂತ ಅದು ಟಿಕ್ ಹಾಕಿಬಿಡುತ್ತದೆ. ಬೇಕಾದ ಬರೆ ನೆರಳಲ್ಲೇ ಉಳಿದಿರುತ್ತದೆ. ಎಷ್ಟು ಚಿತ್ರ ತೆಗೆದರೂ ಏಕಾಏಕಿ ಬೀಳುವ ಗುಡ್ಡದ ಗಳಿಗೆಯನ್ನು ಹೇಳಲು ಆಗುವುದಿಲ್ಲ, ಅದನ್ನು ನಾವು ನಿರೀಕ್ಷಿಸುತ್ತಲೂ ಇಲ್ಲ. ನಿಧಾನವಾಗಿ ಜರುಗುತ್ತಿರುವ ಬರೆಗಳ ಒಂದು ಪಟ್ಟಿ ಮಳೆಗಾಲದ ನಡುವೆ ಸಿಕ್ಕರೆ ಅದೇ ಜಾಸ್ತಿ.

ಇನ್ನು ಉಪಗ್ರಹಕ್ಕೆ ಕಾಯಿಲೆ ಬಂದಾಗಿನ ಮಾತು. ಇಲ್ಲಿ ಎಐ ಬಗ್ಗೆ ನನಗೆ ಆಸೆಯೂ ಇದೆ, ಅಳುಕೂ ಇದೆ. ಭೂಸ್ಥಿರ ಉಪಗ್ರಹಗಳಿಗೆ, ಅಂದರೆ ಬಹಳ ಎತ್ತರದಲ್ಲಿ ಭೂಮಿಯ ಜೊತೆಗೇ ತಿರುಗುತ್ತಾ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಉಪಗ್ರಹಗಳಿಗೆ, ವರ್ಷಕ್ಕೆ ಎರಡು ಸಲ ಗ್ರಹಣ ಕಾಲ ಬರುತ್ತದೆ. ಒಂದು ಮಾರ್ಚ್ ಸುತ್ತ, ಇನ್ನೊಂದು ಸೆಪ್ಟೆಂಬರ್ ಸುತ್ತ, ಇಲ್ಲಿ ಕೈಲ್‌ಪೊಳ್ದ್ ಹಬ್ಬ ಮುಗಿಯುವ ಹೊತ್ತಿಗೆ. ದಿನವೂ ಉಪಗ್ರಹ ಭೂಮಿಯ ನೆರಳಿಗೆ ಹೋಗುತ್ತದೆ, ಮಧ್ಯಭಾಗದ ದಿನಗಳಲ್ಲಿ 72 ನಿಮಿಷದಷ್ಟು. ಅಷ್ಟೂ ಹೊತ್ತು ಬ್ಯಾಟರಿಯೇ ಗತಿ. ಪರದೆಯ ಮೇಲೆ ಪ್ರತಿ ಅಂಕಿಗೂ ಮೇಲಿನ ಮಿತಿ, ಕೆಳಗಿನ ಮಿತಿ ಇರುತ್ತದೆ. ದಾಟಿದರೆ ಕೆಂಪು. ಆದರೆ ನಿಜವಾದ ತೊಂದರೆ ಎಷ್ಟೋ ಸಲ ಮಿತಿಯೊಳಗೇ ಶುರುವಾಗುತ್ತದೆ. ವೋಲ್ಟೇಜ್ ಹಸಿರಲ್ಲೇ ಇರುತ್ತದೆ, ಆದರೆ ಇಳಿಯುವ ಗೆರೆ ಹೋದ ಸಲದಂತೆ ಇರುವುದಿಲ್ಲ. ಅನುಭವಿಗಳು ಪರದೆ ನೋಡಿ, ಇದ್ಯಾಕೋ ಸರಿ ಕಾಣ್ತಿಲ್ಲ ಅನ್ನುತ್ತಿದ್ದರು. ಸಾವಿರಾರು ಅಂಕಿಗಳಲ್ಲಿ ಅಂಥ ಬದಲಾವಣೆ ಹಿಡಿಯಲು ಎಐ ಹೇಳಿ ಮಾಡಿಸಿದ್ದು. 2018ರಲ್ಲೇ ನಾಸಾದವರು ಎಸ್‌ಮ್ಯಾಪ್ ಉಪಗ್ರಹ ಮತ್ತು ಮಂಗಳದ ಕ್ಯೂರಿಯಾಸಿಟಿ ರೋವರ್ ಕಳಿಸುವ ಆರೋಗ್ಯದ ಅಂಕಿಗಳ (ಟೆಲಿಮೆಟ್ರಿ) ಮೇಲೆ ಇದನ್ನು ಮಾಡಿ ತೋರಿಸಿದ್ದಾರೆ.

ಗುರುತಿಸುವುದು ಬೇರೆ, ತಾನೇ ಚಿಕಿತ್ಸೆ ಮಾಡುವುದು ಬೇರೆ. 1999ರ ಮೇ ತಿಂಗಳಲ್ಲಿ ನಾಸಾದ ಡೀಪ್ ಸ್ಪೇಸ್ 1 ನೌಕೆಯನ್ನು ರಿಮೋಟ್ ಏಜೆಂಟ್ ಎಂಬ ಎಐ ತಂತ್ರಾಂಶದ ಕೈಗೆ ಕೊಟ್ಟರು. ಬೇಕಂತಲೇ ಸುಳ್ಳು ದೋಷಗಳನ್ನು ಒಡ್ಡಿದರು. ಅದು ಚೆನ್ನಾಗಿ ನಿಭಾಯಿಸಿತು. ಆದರೆ ನಡುವೆ ಆಫ್ ಆಗಬೇಕಿದ್ದ ಎಂಜಿನ್ ಆಫ್ ಆಗಲಿಲ್ಲ. ತಂತ್ರಾಂಶದ ಎರಡು ಭಾಗಗಳು ಒಂದಕ್ಕೊಂದು ಕಾಯುತ್ತಾ ಕೂತಿದ್ದವು. ನೆಲದ ಮೇಲಿನ ಪರೀಕ್ಷೆಗಳಲ್ಲಿ ಆ ಸಂದರ್ಭ ಬಂದಿರಲಿಲ್ಲ. ಕೆಳಗೆ ಮನುಷ್ಯರು ಎಚ್ಚರವಾಗಿದ್ದರು, ಪ್ರಯೋಗ ನಿಲ್ಲಿಸಿ ಕಾರಣ ಹುಡುಕಿ ಮತ್ತೆ ಓಡಿಸಿದರು. ಜಪಾನಿನ ಹಿಟೋಮಿಗೆ ಆ ಅದೃಷ್ಟ ಇರಲಿಲ್ಲ. 2016ರ ಫೆಬ್ರವರಿಯಲ್ಲಿ ಹಾರಿದ ಆ ದೂರದರ್ಶಕ ಮುಂದಿನ ತಿಂಗಳೇ ಹೋಯಿತು. ತಿರುಗದೇ ಇರುವಾಗ ತಿರುಗುತ್ತಿದ್ದೇನೆ ಅಂತ ಅದರ ವ್ಯವಸ್ಥೆ ತಪ್ಪು ತಿಳಿಯಿತು. ನಿಲ್ಲಿಸಲು ಹೋಗಿ ತಾನೇ ತಿರುಗಿಸಿಕೊಂಡಿತು. ಕೊನೆಗೆ ಥ್ರಸ್ಟರ್, ಅಂದರೆ ದಿಕ್ಕು ತಿರುಗಿಸುವ ಸಣ್ಣ ಎಂಜಿನ್, ಉರಿಸಿತು. ಕೆಳಗಿನಿಂದ ಮೊದಲೇ ಕಳಿಸಿದ್ದ ಥ್ರಸ್ಟರ್ ಲೆಕ್ಕವೇ ತಪ್ಪಿತ್ತು. ವೇಗ ಇನ್ನೂ ಏರಿ ಭಾಗಗಳು ಕಿತ್ತುಹೋದವು. ಅದರಲ್ಲಿ ಎಐ ಇರಲಿಲ್ಲ, ಮಾಮೂಲಿ ಸ್ವಯಂಚಾಲಿತ ವ್ಯವಸ್ಥೆ. ಯಂತ್ರ ತನಗೆ ಹೇಳಿದ್ದನ್ನೇ ಮಾಡಿತು.

ಆದ್ದರಿಂದ ದೋಷ ಸರಿಪಡಿಸುವ ಎಐ ಯಾವ ಕಮಾಂಡನ್ನು ತಾನೇ ಕಳಿಸಬಹುದು, ಯಾವುದಕ್ಕೆ ಶಿಫ್ಟ್ ಎಂಜಿನಿಯರ್ ಒಪ್ಪಿಗೆ ಬೇಕು ಅನ್ನುವ ಗೆರೆ ಸ್ಪಷ್ಟವಾಗಿರಲಿ. ಥ್ರಸ್ಟರ್ ಮುಟ್ಟುವ ಯಾವುದೂ ಮನುಷ್ಯನ ಕೈ ದಾಟದೆ ಹೋಗಬಾರದು ಅಂತ ನನ್ನ ಅಭಿಪ್ರಾಯ. ಶಿಫ್ಟಿಗೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಯಂತ್ರ ಇಲ್ಲದೆ ಪಾಸ್ ನಡೆಸುವ ಅಭ್ಯಾಸವನ್ನೂ ತಪ್ಪಿಸಬೇಡಿ.

ನಮಗೆ ನೇರವಾಗಿ ತಟ್ಟುವ ವಿಷಯ ಮಾತ್ರ ಬೇರೆ. ಉಪಗ್ರಹ ಸೇಫ್ ಮೋಡಿಗೆ (ದೋಷ ಕಂಡಾಗ ಉಳಿದ ಕೆಲಸ ನಿಲ್ಲಿಸಿ ತನ್ನನ್ನು ಕಾಪಾಡಿಕೊಳ್ಳುವ ಸ್ಥಿತಿಗೆ) ಹೋದರೆ ಆ ದಿನದ ಪಟ್ಟಿ ಪೂರ್ತಿ ಬಿದ್ದುಹೋಗುತ್ತದೆ. ಒಳಗಿನವರಿಗೆ ಆಗ ಉಪಗ್ರಹ ಉಳಿಸುವ ಚಿಂತೆ, ಅದು ಸರಿಯೇ. ಚಿತ್ರಕ್ಕಾಗಿ ಕಾದವರಿಗೆ ತಿಳಿಸುವ ವ್ಯವಧಾನ ಯಾರಿಗೂ ಇರುವುದಿಲ್ಲ. ಇನ್ನು ಮುಂದೆ ಪಟ್ಟಿ ಹಾಕುವುದೂ ಕಿತ್ತುಹಾಕುವುದೂ ಯಂತ್ರವೇ ಆದರೆ, ಒಂದು ಸಾಲು ಬರೆದು ಕಳಿಸುವುದು ಅದಕ್ಕೆ ಕಷ್ಟವಾ? ಇಂಥ ಬೇಡಿಕೆ, ಇಂಥ ಕಾರಣಕ್ಕೆ ಕೈಬಿಟ್ಟಿದೆ, ಮುಂದಿನ ಅವಕಾಶ ಇಂಥ ದಿನ, ಇಷ್ಟು ಸಾಕು. ಕನ್ನಡದಲ್ಲಿರಲಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೂ, ಬೇಡಿಕೆ ಇಟ್ಟ ಪಂಚಾಯಿತಿಗೂ ಹೋಗಲಿ.

ಇದನ್ನೆಲ್ಲ ಕಾಗದದಲ್ಲೇ ಮುಗಿಸಬೇಡಿ. ಬರುವ ಮೇ ತಿಂಗಳೊಳಗೆ, ಮುಂಗಾರು ಹಿಡಿಯುವ ಮುಂಚೆ, ಮಡಿಕೇರಿಗೆ ಒಮ್ಮೆ ಬನ್ನಿ. ಭಾಷಣ ಮಾಡುವವರ ಬದಲು ಆ ಅಂಕಗಳನ್ನು ನಿಜವಾಗಿ ಬರೆಯುವವರನ್ನು ಕಳಿಸಿ. 2018ರಲ್ಲಿ ಮನೆ ಕಳೆದುಕೊಂಡ ಊರುಗಳವರು ಬರುತ್ತಾರೆ, ಬೆಳೆಗಾರರು ಮಳೆ ಪುಸ್ತಕ ತರುತ್ತಾರೆ, ಯಾವ ಬರೆಗಳ ಮೇಲೆ ಕಣ್ಣಿಡಬೇಕು ಅಂತ ಪಂಚಾಯಿತಿವಾರು ಪಟ್ಟಿ ನಾವೇ ಮಾಡಿಕೊಡುತ್ತೇವೆ. ಬರುವಾಗ ಇನ್ನೊಂದು ಪ್ರಶ್ನೆಗೆ ಉತ್ತರ ತನ್ನಿ. ಮಳೆ ಜೋರಾದ ದಿನ ಇಲ್ಲಿ ಮೊದಲು ಸಾಯುವುದೇ ಮೊಬೈಲ್ ಟವರ್. ಆ ಒಂದು ಸಾಲಿನ ಸಂದೇಶ ಪೊಲೀಸ್ ವೈರ್‌ಲೆಸ್‌ನಲ್ಲಿ ಬರುತ್ತದಾ, ಮಡಿಕೇರಿ ಆಕಾಶವಾಣಿಯಲ್ಲಿ ಬರುತ್ತದಾ, ಅದನ್ನು ಅಲ್ಲೇ ಕೂತು ತೀರ್ಮಾನ ಮಾಡೋಣ.

ಇಂತಿ ತಮ್ಮ ವಿಶ್ವಾಸಿ,
ಮಡಿಕೇರಿ ತಾಲ್ಲೂಕಿನ ಒಬ್ಬ ಕಾಫಿ ಬೆಳೆಗಾರ